ಅಪ್ಪ ಹೋಲ್ಡಿನಲ್ಲಿದ್ದಾಗ

ಅಪ್ಪ ಹೋಲ್ಡಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಕುಕ್ಕರು ಕೂಗುವಂತಿರಲಿಲ್ಲ. ಮಿಕ್ಸಿ ಹಾಕುವಂತಿರಲಿಲ್ಲ, ಟಾಯ್ಲೆಟ್ಟಿಗೆ ಹೋದವರು ಫ್ಲಶ್ ಮಾಡದೆ ಹೊರಗೆ ಬರಬೇಕಿತ್ತು. ಮುಂಬಾಗಿಲಿನ ಹಿಡಿಗೆ ಹೊರಗಡೆಯಿಂದ ನನ್ನ ಕೆಂಪು ರಿಬ್ಬನ್ ಕಟ್ಟುತ್ತಿದ್ದೆವು. ಅದು ಕಂಡರೆ ಯಾರೂ ಬೆಲ್ ಒತ್ತಬಾರದು, ಕಟ್ಟಡವನ್ನು ಸುತ್ತಿಕೊಂಡು ಹೋಗಿ ಹಿಂದಿನ ಗಾಜಿನ ಜಾರುಬಾಗಿಲಿನಿಂದ ಸದ್ದಿಲ್ಲದೆ ಅಡುಗೆಮನೆಗೆ ಬರಬೇಕು ಎಂದರ್ಥ. ಸ್ಯಾನ್ ಹೊಸೆಯ ಆ ನೆಲಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಎರಡು ಬೆಡ್‌ರೂಮು, ಅವನ್ನೂ ಅಡುಗೆಮನೆಯನ್ನೂ ಜೋಡಿಸುವ ಒಂದು ಕತ್ತಲೆ ಕಾರಿಡಾರು. ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯ ಟೋಸ್ಟರಿನಿಂದ ಬ್ರೆಡ್ಡು ಎಗರಿದ್ದು ನಮಗೆ ಕೇಳುತ್ತಿತ್ತು. ಹಾಗಾಗಿ ಅಪ್ಪ ಕಾರ್ಡ್‌ಲೆಸ್ ಫೋನು ಹಿಡಿದು ತನ್ನ ಬೆಡ್‌ರೂಮಿನ ಕ್ಲಾಸೆಟ್ಟಿನೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಅಮ್ಮನ ಸೀರೆಗಳು, ಊರಿಗೆ ಹೋಗುವಾಗ ಮಾತ್ರ ಇಳಿಸುವ ಸೂಟ್‌ಕೇಸುಗಳು, ಅವುಗಳ ನಡುವೆ ಬೆವರುತ್ತ ನಿಂತು, ರೇಡಿಯೋದವರು ತನಗೆ ಸರದಿ ಕೊಡುವುದನ್ನು ಕಾಯುತ್ತಿದ್ದ; ಹೋಲ್ಡು ಎಂದರೆ ಅದು. ಬಟ್ಟೆಗಳು ಸದ್ದನ್ನು ಕುಡಿಯುತ್ತವೆ ಎಂಬುದು ಅವನ ಶೋಧ.

ಸಂಜೆ ಆಫೀಸು ಬಿಟ್ಟವರೆಲ್ಲ ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡಿರುವ ಹೊತ್ತಿನಲ್ಲಿ ಒಂದು ಸ್ಟೇಷನ್ನಿನಲ್ಲಿ ಬರೀ ಆಟದ ಜಗಳ ಬರುತ್ತಿತ್ತು. ಯಾರನ್ನು ಆಡಿಸಬೇಕು, ಯಾರನ್ನು ಕಿತ್ತುಹಾಕಬೇಕು, ಯಾರಿಗೆ ಕೊಟ್ಟದ್ದು ಹೆಚ್ಚಾಯಿತು. ನಡೆಸುವವನ ದನಿ ಗೊಗ್ಗರು; ಅಮ್ಮ ಅವನಿಗೆ ಗೊಗ್ಗರಪ್ಪ ಎಂದು ಹೆಸರಿಟ್ಟಿದ್ದಳು. ಕೇಳುಗರು ಫೋನ್ ಮಾಡಿ ಮೊದಲ ಹೆಸರು, ಊರ ಹೆಸರು ಹೇಳಬೇಕು, ಆಮೇಲೆ ವಾದ. ನನ್ನ ಅಪ್ಪ, ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ಶ್ರೀಕಂಠ, ಅಲ್ಲಿ 'ಲಾಸ್ ಗ್ಯಾಟೋಸ್‌ನ ಕೆಂಟ್' ಆಗಿದ್ದ. ನಾವಿದ್ದದ್ದು ಲಾಸ್ ಗ್ಯಾಟೋಸ್ ಅಲ್ಲ. ಅಲ್ಲಿ ಬೆಟ್ಟದ ಬುಡ, ದೊಡ್ಡ ಅಂಗಳದ ಮನೆಗಳು. ಭಾನುವಾರ ಕಾರಿನಲ್ಲಿ ಹೋಗಿ, ಐಸ್‌ಕ್ರೀಮು ತಿಂದು, ಆ ಮನೆಗಳನ್ನು ನೋಡಿಕೊಂಡು ವಾಪಸು ಬರುತ್ತಿದ್ದೆವು. ಕೆಂಟ್‌ನ ಇಂಗ್ಲಿಷು ಶ್ರೀಕಂಠನ ಇಂಗ್ಲಿಷಿಗಿಂತ ನಿಧಾನ, ದಪ್ಪ, ಸ್ವಲ್ಪ ಸೋಮಾರಿ. ಅವನು ಗೊಗ್ಗರಪ್ಪನಿಗೆ 'ಮೈ ಫ್ರೆಂಡ್' ಎನ್ನುತ್ತಿದ್ದ. ಅಪ್ಪ ಜೀವನದಲ್ಲಿ ಬೇರೆ ಯಾರಿಗೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಯಾರಾದರೂ ಬೈಗುಳ ಆಡಿಬಿಟ್ಟರೆ ಅಳಿಸಲು ಅನುಕೂಲವಾಗಲಿ ಎಂದು ಸ್ಟೇಷನ್ನಿನವರು ಮಾತುಗಳನ್ನು ಏಳೆಂಟು ಸೆಕೆಂಡು ತಡಮಾಡಿ ಬಿಡುತ್ತಿದ್ದರು. ಇದರಿಂದಾಗಿ ನಮ್ಮ ಮನೆಯಲ್ಲಿ ಅಪ್ಪ ಎರಡು ಸಲ ಕೇಳಿಸುತ್ತಿದ್ದ. ಮೊದಲು ಕ್ಲಾಸೆಟ್ಟಿನ ಬಾಗಿಲ ಹಿಂದಿನಿಂದ, ಸೀರೆಗಳ ನಡುವಿನ ಉಸಿರುಗಟ್ಟಿದ ದನಿ. ಅದೇ ಮಾತು ಸ್ವಲ್ಪ ಹೊತ್ತಿಗೆ ಅಡುಗೆಮನೆಯ ರೇಡಿಯೋದಿಂದ, ಬಿಳಿಯರ ಬೀದಿಯ ಗಂಡಸಿನಂತೆ. ನಾನು ಮೊದಲನೆಯದನ್ನು ಬಾಗಿಲಿಗೆ ಕಿವಿಕೊಟ್ಟು ಕೇಳಿ, ಕಾರಿಡಾರಿನಲ್ಲಿ ಬರಿಗಾಲಲ್ಲಿ ಓಡಿ, ಎರಡನೆಯದು ಬರುವ ಹೊತ್ತಿಗೆ ಅಡುಗೆಮನೆ ಸೇರುತ್ತಿದ್ದೆ. ನನಗಾಗ ಹತ್ತು ವರ್ಷ. ರೆಕಾರ್ಡ್ ಮಾಡುವುದು ನನ್ನ ಕೆಲಸ. ರೇಡಿಯೋ ಎದುರಿಗೆ ಟೇಪ್‌ರೆಕಾರ್ಡರ್ ಇಟ್ಟು ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಕ್ಯಾಸೆಟ್ಟುಗಳು ಅಮ್ಮನವು, ದೇವರನಾಮದವು. ಮೇಲಿನ ತೂತುಗಳಿಗೆ ಸೆಲೋಟೇಪ್ ಅಂಟಿಸಿದರೆ ದಾಸರ ಮೇಲೆ ಕೆಂಟ್ ಕೂರುತ್ತಿದ್ದ. ಅಮ್ಮ ಇದನ್ನು ಕ್ಷಮಿಸಿರಲಿಲ್ಲ.

ಆ ಜಗಳದ ಆಟ ಫುಟ್‌ಬಾಲು, ಆದರೆ ಕಾಲಿನಲ್ಲಿ ಒದೆಯುವ ಫುಟ್‌ಬಾಲಲ್ಲ. ಚೆಂಡು ಕೈಯಲ್ಲಿರುತ್ತದೆ, ಮುಖ್ಯವಾಗಿ ಒಬ್ಬನ ಕೈಯಲ್ಲಿ. ಅವನು ಕ್ವಾರ್ಟರ್‌ಬ್ಯಾಕ್. ಎದುರು ತಂಡದ ಬೀರುಗಾತ್ರದ ಗಂಡಸರು ತನ್ನನ್ನು ಕೆಡವಲು ಓಡಿಬರುತ್ತಿರುವಾಗ ಅವನು ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕೆಂದು ಗೊತ್ತುಮಾಡಬೇಕು. ಅಪ್ಪ ಈ ಆಟವನ್ನು ಕಲಿತದ್ದು ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಕಾಫಿ ಹಿಡಿದು ನಿಂತವರ ಮಾತಿಗೆ ಒಂದು ಮಾತು ಸೇರಿಸಲಿಕ್ಕಾಗಿ. ಆಮೇಲೆ ಅದು ನಿಜವಾಗಿಯೂ ಅವನನ್ನು ಹಿಡಿದುಕೊಂಡಿತು. ನಮ್ಮೂರಿನ ತಂಡದಲ್ಲಿ ಬಹಳ ವರ್ಷ ಆಡಿ ಹೆಗಲು ಕೆಡಿಸಿಕೊಂಡ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ. ನಮ್ಮ ಮನೆಯಲ್ಲಿ ಅವನ ಹೆಸರು ಮುದುಕ, ವಯಸ್ಸು ನಲವತ್ತೂ ಇರಲಿಕ್ಕಿಲ್ಲ. ಅವನ ಹಿಂದೆ ಕಾಲೇಜು ಮುಗಿಸಿ ಆಗಷ್ಟೇ ಬಂದ ಇನ್ನೊಬ್ಬ ಕಾಯುತ್ತಿದ್ದ, ಅವನು ಹುಡುಗ. ಮುದುಕನ ಕಾಂಟ್ರ್ಯಾಕ್ಟು ದೊಡ್ಡದು. ಅವನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದು ಆ ವರ್ಷ ಇಡೀ ಬೇ ಏರಿಯಾದ ಜಗಳ, ನಮ್ಮ ಊಟದ ಮೇಜಿನದಂತೂ ನಿತ್ಯದ ಜಗಳ. ಕೆಂಟ್ ಮುದುಕನ ಕಡೆ. ವಸಂತ ಮಾಮಾ ಹುಡುಗನ ಕಡೆ.

ವಸಂತ ಮಾಮಾ ಅಮ್ಮನ ತಮ್ಮ. ಹುಬ್ಬಳ್ಳಿಯ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದವನನ್ನು ಆ ಕೆಲಸ ಬಿಡಿಸಿ, ತನ್ನ ಕಂಪನಿಯಲ್ಲೇ ತನ್ನ ಕೈಕೆಳಗೇ ಸೇರಿಸಿ, ನಮ್ಮ ಎರಡನೇ ಬೆಡ್‌ರೂಮಿಗೆ ತಂದು ಇಳಿಸಿಕೊಂಡವನು ಅಪ್ಪ. ನನ್ನ ಹಾಸಿಗೆ ಹಾಲಿಗೆ ಬಂತು, ನಾನು ಬೇಸರಪಟ್ಟ ನೆನಪಿಲ್ಲ. ಮಾಮಾ ದಿನಾ ಲೈಟ್ ರೈಲಿನಲ್ಲಿ ಬಂದು ಸರಿಯಾಗಿ ಏಳು ಗಂಟೆಗೆ ಬೆಲ್ ಒತ್ತುತ್ತಿದ್ದ. ಬಾಗಿಲು ತೆಗೆಯುವವಳು ನಾನು. ಶೂ ಬಿಚ್ಚುವ ಮೊದಲೇ ಕೇಳುತ್ತಿದ್ದ:

"ಏನ ಪುಟ್ಟವ್ವಾ, ಇವತ್ತ ಯಾರು ಗೆದ್ರು?"

ಆವತ್ತಿನ ರೇಡಿಯೋ ಜಗಳದಲ್ಲಿ ಅಂತ. ನಾನು ದಿನಾ ಅಪ್ಪನ ಹೆಸರು ಹೇಳುತ್ತಿದ್ದೆ, ಅವನು ದಿನಾ ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದ. ಅವನ ಬಲಗೈ ಮಣಿಕಟ್ಟಿಗೆ ಕಪ್ಪು ಪಟ್ಟಿ ಇರುತ್ತಿತ್ತು. ಟೈಪ್ ಮಾಡಿ ಮಾಡಿ ನರ ಹಿಡಿದುಕೊಂಡಿತ್ತು, ಆರು ತಿಂಗಳಿಂದ ಕೆಲಸ ಅರ್ಧ ವೇಗಕ್ಕೆ ಇಳಿದಿತ್ತು. ಮುದುಕನ ಹೆಗಲು, ಮಾಮಾನ ಮಣಿಕಟ್ಟು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಯಾವುದನ್ನೂ ನಾನು ನಂಬುವವಳಲ್ಲ. ನೆನಪು ದರ್ಜಿಯ ಕೆಲಸ ಮಾಡುತ್ತದೆ ಎಂದು ಗೊತ್ತಿರುವುದರಿಂದ ಹಳೆಯ ಫೋಟೋ ತೆಗೆದು ನೋಡಿದೆ. ನನ್ನ ಹತ್ತನೇ ಹುಟ್ಟುಹಬ್ಬ, ಕೇಕಿನ ಹಿಂದೆ ಮಾಮಾ. ಪಟ್ಟಿ ಇದೆ, ಬಲಗೈಯಲ್ಲೇ ಇದೆ.

ಆ ಮೇಜಿನ ಜಗಳಗಳು ಹೀಗಿರುತ್ತಿದ್ದವು:

"ನೋಡು ವಸಂತ, ಇಷ್ಟು ವರ್ಷ ಅವನ ಹೆಗಲ ಮೇಲೆ ನಿಂತು ಗೆದ್ರು. ಈಗ ಹೆಗಲು ನೋವು ಅಂದ ತಕ್ಷಣ ಬೀದಿಗೆ ಬಿಡೋದಾ? ಇದ್ಯಾವ ಮರ್ಯಾದೆ?"

"ಭಾವಾ, ಅದು ಫುಟ್‌ಬಾಲ್ ಟೀಮು, ಧರ್ಮಛತ್ರ ಅಲ್ಲ. ಚೆಂಡು ಒಗೀಲಿಕ್ಕ ಬರೂದಿಲ್ಲ ಅಂದ್ರ ಮನ್ಯಾಗ ಕೂಡಬೇಕು. ನೀವು ಭಾಳ ಮೆತ್ತಗ ಅದೀರಿ."

"ಆಯ್ತಪ್ಪಾ ಹುಬ್ಬಳ್ಳಿ ಕೋಚು. ನಾಳೆ ನಿಂಗೂ ವಯಸ್ಸಾಗತ್ತೆ, ಆಗ ಹೇಳು."

"ಆದಾಗ ನೀವೇ ಕಿತ್ತ ಒಗೀರಿ, ನಾ ಒಂದ ಮಾತ ಆಡೂದಿಲ್ಲ."

ಅಮ್ಮ ಬಡಿಸುವ ಸೌಟಿನಿಂದಲೇ ಇಬ್ಬರನ್ನೂ ತೋರಿಸುತ್ತಿದ್ದಳು:

"ಇಬ್ಬರೂ ಒಂದ ಸಲನೂ ಆ ಚೆಂಡು ಕೈಯಿಂದ ಮುಟ್ಟಿಲ್ಲ. ಮಾತು ಮಾತ್ರ ನೋಡು!"

ಕಾಂಟ್ರ್ಯಾಕ್ಟಿನ ಕಟ್ಟಳೆಗಳನ್ನು ಅಪ್ಪ ನನಗೆ ವಿವರಿಸಿದ್ದು ಒಂದು ಶನಿವಾರ ಬೆಳಿಗ್ಗೆ, ದೋಸೆ ತಿನ್ನುವಾಗ. ತಂಡಕ್ಕೆ ಒಂದು ಪಾತ್ರೆ ಹಿಟ್ಟು, ಅಷ್ಟೇ. ಅದರಲ್ಲೇ ಐವತ್ತು ಚಿಲ್ಲರೆ ಜನಕ್ಕೆ ದೋಸೆ ಆಗಬೇಕು. ಮುದುಕನೊಬ್ಬನೇ ಆರು ತಿಂದರೆ ಉಳಿದವರು ಅರ್ಧರ್ಧ ಹಂಚಿಕೊಳ್ಳಬೇಕು. ತಂಡ ಯಾರನ್ನು ಬೇಕಾದರೂ ಯಾವಾಗ ಬೇಕಾದರೂ ಕೈಬಿಡಬಹುದು, ಆಟಗಾರ ಮಾತ್ರ ತಾನಾಗಿ ಬಿಟ್ಟು ಹೋಗುವಂತಿಲ್ಲ.

"ಹಾಗಾದ್ರೆ ಮುದುಕನನ್ನ ಬಿಟ್ರೆ ಹಿಟ್ಟು ಉಳಿಯತ್ತೆ ಅಲ್ವಾ?" ನಾನು ಕೇಳಿದೆ.

"ಅದೇ ಇಲ್ಲ. ಅವನಿಗೆ ಮೊದಲೇ ಕೊಟ್ಟಿರೋ ಮುಂಗಡಾನ ಮುಂದಿನ ವರ್ಷಗಳಿಗೆ ಹಂಚಿ ಬರ್ಕೊಂಡಿರ್ತಾರೆ. ಅವನು ಹೋದ್ಮೇಲೂ ಅವನ ಹೆಸರಲ್ಲಿ ಹಿಟ್ಟು ಖರ್ಚಾಗ್ತಾನೇ ಇರತ್ತೆ. ಮನೇಲಿ ಇಲ್ಲದವನ ತಟ್ಟೆಗೆ ದೋಸೆ ಹಾಕ್ತಾನೇ ಇರ್ಬೇಕು. ಸತ್ತ ದುಡ್ಡು ಅಂತಾರೆ ಅದನ್ನ."

ಮಾಮಾ ತನ್ನ ತಟ್ಟೆಯಿಂದ ಅರ್ಧ ದೋಸೆ ಹರಿದು ನನ್ನ ತಟ್ಟೆಗೆ ಹಾಕಿ, "ತಗೋ, ನನ್ನ ಮುಂಗಡ" ಅಂದ. ಇಲ್ಲ, ಹಾಗೆ ಅಂದಿರಲಾರ. ಇದನ್ನು ನಾನು ಆಮೇಲೆ ಎಲ್ಲೋ ಸೇರಿಸಿಕೊಂಡಿರಬೇಕು. ಅವನು ದೋಸೆ ಕೊಟ್ಟದ್ದು ಮಾತ್ರ ನಿಜ. ಚಟ್ನಿ ಹತ್ತಿದ ಕಡೆಯ ತುಂಡು.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಫ್ರೀವೇ ಖಾಲಿಯಾಗತೊಡಗಿತು. ಅಪ್ಪ ಅದನ್ನು ಹೊಗಳುತ್ತಲೇ ಹೇಳುತ್ತಿದ್ದ, ನಲವತ್ತು ನಿಮಿಷದ ದಾರಿ ಇಪ್ಪತ್ತೈದಕ್ಕೆ ಇಳಿದಿದೆ ಎಂದು. ಅಮ್ಮ ನಗುತ್ತಿರಲಿಲ್ಲ. ನಮ್ಮ ಕಾಂಪ್ಲೆಕ್ಸಿನ ಕಸದ ತೊಟ್ಟಿಯ ಪಕ್ಕದಲ್ಲಿ ವಾರಕ್ಕೊಂದು ಸೋಫಾ ಬಂದು ಕೂರುತ್ತಿತ್ತು. ಕೆಲಸ ಕಳೆದುಕೊಂಡು ಮನೆ ಬಿಟ್ಟು ಹೋದವರದು. ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಟಾಟಾ ಹೇಳದೆ ಮಾಯವಾದರು. ಅಪ್ಪನ ಆಫೀಸಿನಲ್ಲಿ ಮೊದಲು ಪುಕ್ಕಟೆ ಜ್ಯೂಸು ನಿಂತಿತು, ಆಮೇಲೆ ಕೂರುವ ಕುರ್ಚಿಗಳೇ ಮಾರಾಟಕ್ಕೆ ಬಂದವು. ಆಗ ನನಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿಯೊಬ್ಬ ಮ್ಯಾನೇಜರೂ ಸೋಮವಾರದೊಳಗೆ ಕೆಲಸದಿಂದ ತೆಗೆಯಲು ತನ್ನ ಗುಂಪಿನಿಂದ ಒಂದು ಹೆಸರು ಕೊಡಬೇಕು ಎಂದು ಕಂಪನಿ ಹೇಳಿತ್ತು. ಮಾಮಾನ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಹೋದರೆ ದೇಶವೂ ಹೋದಂತೆ, ಮತ್ತು ಹುಬ್ಬಳ್ಳಿಯ ಕೆಲಸವನ್ನು ಅವನು ಆಗಲೇ ಬಿಟ್ಟಾಗಿತ್ತು.

ಅಪ್ಪ ಅಮ್ಮ ಬೆಳಿಗ್ಗೆ ಬಾತ್‌ರೂಮಿನಲ್ಲಿ, ಗಾಳಿಯ ಫ್ಯಾನು ಹಾಕಿಕೊಂಡು ಜಗಳವಾಡುತ್ತಿದ್ದರು. ಇಬ್ಬರು ದೊಡ್ಡವರು ಒಂದೇ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೆ ಎಂದು ನಾನು ಹಾಲಿನ ಹಾಸಿಗೆಯಿಂದ ಕಿವಿ ಚಾಚಿದರೆ ತುಣುಕುಗಳು ಸಿಗುತ್ತಿದ್ದವು.

"ನೀವೇ ಕರೆಸ್ಕೊಂಡು ನೀವೇ ಕಳಸ್ತೀರೇನು?"

"ಇನ್ನೊಬ್ಬನಿಗೆ ಎರಡು ಮಕ್ಕಳಿವೆ ಕಣೇ. ಇನ್ನೊಬ್ಬ ಇವನಿಗಿಂತ ಎರಡರಷ್ಟು ಕೆಲಸ ಮಾಡ್ತಾನೆ. ನಾನು ಯಾವ ಮುಖ ಇಟ್ಕೊಂಡು..."

"ನಿಮ್ಮ ಮುಖ ನೀವು ಇಟ್ಕೋರಿ. ನಾ ನಮ್ಮವ್ವಗ ಏನಂತ ಹೇಳ್ಲಿ?"

ಮುದುಕನ ವಿಷಯಕ್ಕೆ ಅಮ್ಮನೂ ಇಷ್ಟು ತಲೆ ಕೆಡಿಸಿಕೊಂಡಿದ್ದಾಳಲ್ಲ ಎಂದು ನನಗೆ ಹೆಮ್ಮೆಯಾಯಿತು. ಹೌದು, ನಾನು ಹಾಗೇ ತಿಳಿದಿದ್ದೆ. ನಮ್ಮ ಮನೆಯಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬ ಮಾತು ಬಂದರೆ ಅದು ಕ್ವಾರ್ಟರ್‌ಬ್ಯಾಕಿನ ಮಾತೇ ಆಗಿರುತ್ತಿತ್ತು. 'ನಮ್ಮವ್ವ' ಅಲ್ಲಿ ಯಾಕೆ ಬಂದಳು ಎಂದು ನಾನು ಕೇಳಿಕೊಳ್ಳಲಿಲ್ಲ.

ಗುರುವಾರ ಸಂಜೆ ಅಪ್ಪ ಎಂದಿಗಿಂತ ಬೇಗ ಬಂದ. ಟೈ ಬಿಚ್ಚದೆ ಫೋನು ಎತ್ತಿಕೊಂಡ. ನಾನು ಟೇಪ್‌ರೆಕಾರ್ಡರ್ ತರಲು ಹೋದಾಗ ತಡೆದ.

"ಇವತ್ತು ರೆಕಾರ್ಡ್ ಬೇಡ ಪುಟ್ಟಿ."

"ಯಾಕೆ?"

"ಬೇಡ ಅಂದ್ನಲ್ಲ."

ರಿಬ್ಬನ್ ಕಟ್ಟಿದೆ. ಅಮ್ಮ ಬೇಳೆ ಇಟ್ಟಿದ್ದ ಕುಕ್ಕರಿನ ವೆಯ್ಟು ತೆಗೆದು ಪಕ್ಕಕ್ಕಿಟ್ಟು, ಉರಿ ಸಣ್ಣ ಮಾಡಿ, ಆವಿ ಸುಮ್ಮನೆ ಹೋಗಲು ಬಿಟ್ಟಳು. ಅಪ್ಪನ ಫೋನು ಮುಗಿಯುವವರೆಗೆ ಅದು ಹಾಗೇ ಇರಬೇಕು. ಅವಳು ಬೆನ್ನು ತಿರುಗಿಸಿದಾಗ ನಾನು ಟೇಪ್‌ರೆಕಾರ್ಡರನ್ನು ರೇಡಿಯೋ ಪಕ್ಕದ ಗೋಧಿಹಿಟ್ಟಿನ ಚೀಲದ ಹಿಂದೆ ತೂರಿಸಿ ಎರಡೂ ಗುಂಡಿ ಒತ್ತಿದೆ. ಬೇಡ ಎಂದದ್ದಕ್ಕೇ ಒತ್ತಿದೆ. ಆಮೇಲೆ ಹೆದರಿಕೆಯಾಯಿತು. ಅಡುಗೆಮನೆಯಲ್ಲಿ ನಿಂತರೆ ಮುಖದಲ್ಲೇ ಸಿಕ್ಕಿಬೀಳುತ್ತೇನೆಂದು ಕ್ಲಾಸೆಟ್ಟಿನ ಬಾಗಿಲ ಬಳಿಗೆ ಓಡಿದವಳು, ಆ ದಿನ ಎರಡನೇ ದನಿಗೆ ವಾಪಸು ಓಡಲಿಲ್ಲ. ಕೊನೆಯವರೆಗೂ ಅಲ್ಲೇ ನಿಂತು ಮೊದಲನೇ ದನಿಯನ್ನು ಮಾತ್ರ ಕೇಳಿದೆ.

ಗೊಗ್ಗರಪ್ಪ ಏನು ಕೇಳಿದನೋ ಬಾಗಿಲ ಹಿಂದಿನಿಂದ ಕೇಳುವಂತಿರಲಿಲ್ಲ. ಅಪ್ಪ ಮಾತಾಡಿದ್ದು ಕೇಳಿತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವಾಗ ಅದು ಶ್ರೀಕಂಠನ ಮಾತಾಗಿಬಿಡುತ್ತದೆ, ಕೆಂಟ್ ಕಳೆದುಹೋಗುತ್ತಾನೆ. ಆದರೆ ಆವತ್ತು ಹೇಗೂ ಕೆಂಟ್ ಇರಲಿಲ್ಲ. ದನಿ ದಪ್ಪವಾಗಲಿಲ್ಲ, 'ಮೈ ಫ್ರೆಂಡ್' ಬರಲಿಲ್ಲ.

"ನಾನು ನನ್ನ ಅಭಿಪ್ರಾಯ ಬದಲಾಯಿಸಿದ್ದೇನೆ. ಅವನನ್ನು ಬಿಡಬೇಕು. ಒಳ್ಳೆಯವನು ಅಂತ ಇಟ್ಟುಕೊಂಡರೆ ಉಳಿದವರಿಗೆ ಅನ್ಯಾಯ. ಬಿಡುವುದಾದರೆ ಈಗಲೇ ಬಿಡಬೇಕು, ಬೇಗ ಬಿಟ್ಟರೆ ಅವನಿಗೆ ಇನ್ನೊಂದು ತಂಡ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಅವನು ನಮ್ಮ ಮನೆಯವನು. ಅದಕ್ಕೇ ಈ ಕೆಲಸವನ್ನು ಬೇರೆಯವರ ಕೈಯಲ್ಲಿ ಮಾಡಿಸಬಾರದು."

ಅಷ್ಟರಲ್ಲಿ ಕುಕ್ಕರು ಕೂಗಿತು. ಮನೆಯ ಚರಿತ್ರೆಯಲ್ಲೇ ಮೊದಲ ಸಲ, ಕೆಂಟ್ ಮಾತಾಡುತ್ತಿರುವಾಗ, ಉದ್ದಕ್ಕೆ, ಗೋಡೆ ನಡುಗುವ ಹಾಗೆ. ಆಮೇಲೆ ಅಪ್ಪ "ಟ್ರೇನು" ಅಂದ. ಇನ್ನೊಂದು ಸಲ, ಸಣ್ಣದಾಗಿ, "ಟ್ರೇನು, ಪಕ್ಕದಲ್ಲೇ ಹೋಗತ್ತೆ" ಅಂದ. ಆಮೇಲೆ ಫೋನು ಇಟ್ಟ ಸದ್ದು. ಬಾಗಿಲು ತೆಗೆದು ನನ್ನನ್ನು ದಾಟಿಕೊಂಡು ಅಡುಗೆಮನೆಗೆ ನಡೆದ. ಅವನ ಹಿಂದೆ ಹೋದಾಗ ಒಲೆಯ ಮುಂದೆ ಅಮ್ಮ ಒಬ್ಬಳೇ ಇದ್ದಳು.

"ಬುದ್ಧಿ ಇದೆಯಾ ನಿಂಗೆ? ಇಡೀ ಊರು ಕೇಳಿಸ್ಕೊಳ್ತು! ಲಾಸ್ ಗ್ಯಾಟೋಸ್‌ನಲ್ಲಿ ಟ್ರೇನ್ ಎಲ್ಲಿದೆ ಅಂತ ಕೇಳ್ದ ಅವ್ನು!"

"ಮರತೆ."

"ಮರ್ತೆ ಅಂದ್ರೆ?"

"ವೆಯ್ಟು ಹಾಕಿದ್ದು ಮರತೆ. ಏನೀಗ?"

ಕೆಂಟ್ ಅಲ್ಲಿಗೆ ಸತ್ತ. ಅಪ್ಪ ಮುಂದೆಂದೂ ಆ ಸ್ಟೇಷನ್ನಿಗೆ ಫೋನ್ ಮಾಡಲಿಲ್ಲ. ಅಮ್ಮ ಮರೆತ ಆ ಕುಕ್ಕರು ಮುಂದೆ ನಮ್ಮ ಮನೆಯ ದೊಡ್ಡ ಜೋಕಾಯಿತು. ಮನೆಗೆ ಬಂದ ಯಾರಿಗೇ ಆಗಲಿ ಅಪ್ಪನೇ ಟ್ರೇನಿನ ಕತೆ ಹೇಳಿ ನಗಿಸುತ್ತಿದ್ದ, ಕ್ವಾರ್ಟರ್‌ಬ್ಯಾಕಿನ ವಿಷಯ ಬಿಟ್ಟು.

ಏಳು ಗಂಟೆಗೆ ಬೆಲ್ಲಾಯಿತು. ಬಾಗಿಲು ತೆಗೆದೆ. ಮಾಮಾ ಎಂದಿನ ಪ್ರಶ್ನೆ ಕೇಳಿದ, ನಾನು ಎಂದಿನ ಉತ್ತರ ಕೊಡಲಿಲ್ಲ.

"ನೀನು! ಮಾಮಾ, ನೀನು ಗೆದ್ದೆ!"

ಕೈ ಹಿಡಿದು ಅವನ ರೂಮಿಗೆ ಎಳೆದುಕೊಂಡು ಹೋದೆ. ಟೇಪ್‌ರೆಕಾರ್ಡರನ್ನು ಆಗಲೇ ಅಲ್ಲಿಗೆ ಸಾಗಿಸಿಟ್ಟಿದ್ದೆ. ಇದು ನಾನು ಅವನಿಗೆ ಕೊಡುತ್ತಿರುವ ಉಡುಗೊರೆ ಎಂಬ ಸಂಭ್ರಮ ನನಗೆ. ಇಷ್ಟು ದಿನ ಸೋತವನು, ಅಪ್ಪನೇ ಮನಸ್ಸು ಬದಲಾಯಿಸಿ ಇವನ ಕಡೆಗೆ ಬಂದಿದ್ದಾನೆ, ಅದೂ ರೇಡಿಯೋದಲ್ಲಿ. ಟೇಪನ್ನು ಹಿಂದಕ್ಕೆ ಓಡಿಸಿದೆ, ಗೊಗ್ಗರಪ್ಪ ಕೆಂಟ್ ಹೆಸರು ಕೂಗುವಲ್ಲಿ ಸರಿಯಾಗಿ ನಿಂತಿತು. ಮಾಮಾ ಹಾಸಿಗೆಯ ತುದಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ. ಅವನ ಮುಖದಲ್ಲಿ ಏನೂ ಆಗಲಿಲ್ಲ. ಅವನನ್ನು ಬಿಡಬೇಕು ಎಂಬ ಮಾತು ಮುಗಿದು ಸ್ವಲ್ಪ ಹೊತ್ತಿಗೆ, ಕುಕ್ಕರು ಬರುವ ಮೊದಲೇ, ಅವನೇ ಕೈಚಾಚಿ ನಿಲ್ಲಿಸಿಬಿಟ್ಟ.

"ಅಯ್ಯೋ, ಮುಂದೆ ಟ್ರೇನ್ ಬರತ್ತೆ! ಅದೇ ಮಜಾ!"

"ಸಾಕವ್ವಾ. ನಾ ಗೆದ್ದಾತಲ್ಲ, ಇನ್ನ ಮುಂದ ಯಾಕ ಕೇಳೂದು?" ಕ್ಯಾಸೆಟ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಇದು ನನ್ನ ಟ್ರೋಫಿ. ನಾ ಇಟ್ಕೋತೀನಿ."

ಎರಡೂ ಕೈಯನ್ನು, ಪಟ್ಟಿ ಸಮೇತ, ಅಂಕ ಬಂದಾಗ ರೆಫರಿ ಎತ್ತುವ ಹಾಗೆ ತಲೆಯ ಮೇಲಕ್ಕೆ ಎತ್ತಿದ. ನಾನೂ ಎತ್ತಿದೆ.

ಊಟಕ್ಕೆ ಕೂತಾಗ ಆವತ್ತು ಮುದುಕನ ಜಗಳ ಶುರುವಾಗಲಿಲ್ಲ. ಬೇಳೆ ಕರಗಿ ಹೋಗಿತ್ತು. ಅಪ್ಪ ಅನ್ನವನ್ನು ಕಲಸುತ್ತಲೇ ಇದ್ದ, ತುತ್ತು ಎತ್ತುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಖುಷಿಯಾಗುವ ಸುದ್ದಿ ನನ್ನ ಹತ್ತಿರ ಇತ್ತು.

"ಅಪ್ಪಾ, ಮಾಮಾಂಗೆ ಗೊತ್ತು. ನೀನು ಮುದುಕನನ್ನ ಬಿಡಬೇಕು ಅಂದಿದ್ದು. ನಾನು ಟೇಪ್ ಹಾಕಿ ಕೇಳಿಸ್ದೆ."

ಅಮ್ಮನ ಕೈಯ ಸೌಟು ಸಾರಿನ ಪಾತ್ರೆಯೊಳಗೆ ನಿಂತುಬಿಟ್ಟಿತು. ಅಪ್ಪ ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನ ಮುಖ ಕ್ಲಾಸೆಟ್ಟಿನ ಬಾಗಿಲು ತೆಗೆದಾಗ ಯಾರೋ ಹೊರಗೆ ನಿಂತದ್ದನ್ನು ಕಂಡವನ ಮುಖದ ಹಾಗಿತ್ತು. ಮೂವರೂ ದೊಡ್ಡವರು ಒಬ್ಬರನ್ನೊಬ್ಬರು ನೋಡುವುದನ್ನು ತಪ್ಪಿಸಿ ನನ್ನನ್ನೇ ನೋಡುತ್ತಿದ್ದಾಗ, ಇದು ಆಟದ ಮಾತಲ್ಲ ಎಂದು ನನಗೆ ಗೊತ್ತಾಯಿತು. ಮೊದಲು ಮಾತಾಡಿದವನು ಮಾಮಾ. ಉಪ್ಪಿನಕಾಯಿ ಬಾಟಲಿ ತನ್ನ ಕಡೆಗೆ ಎಳೆದುಕೊಂಡು, ಸಾದಾ ದನಿಯಲ್ಲಿ:

"ಖರೇ ಅದ ಭಾವಾ ನೀವು ಹೇಳಿದ್ದು. ಲಗೂನ ಬಿಟ್ರ ಮುದುಕಗೂ ಚೊಲೋ. ಇನ್ನೊಂದು ಟೀಮು ಹುಡುಕ್ಕೊಳ್ಳಿಕ್ಕ ಟೈಮ್ ಸಿಗ್ತದ."

"ವಸಂತಾ..."

"ಊಟ ಮಾಡ್ರಿ ಭಾವಾ. ಆರ್ತದ."

ಅಪ್ಪ ಊಟ ಮಾಡಲಿಲ್ಲ. ಎದ್ದು ತಟ್ಟೆ ತೊಳೆದ, ತಟ್ಟೆ ತೊಳೆದದ್ದೇ ತೊಳೆದದ್ದು, ನೀರು ಹೋಗುತ್ತಲೇ ಇತ್ತು. ಸೋಮವಾರ ಹೆಸರು ಕೊಟ್ಟ. ಕೆಲವು ವಾರಗಳ ಮೇಲೆ ಮಾಮಾ ಎರಡು ಸೂಟ್‌ಕೇಸು ತೆಗೆದುಕೊಂಡು ಹೊರಟ. ಏರ್‌ಪೋರ್ಟಿಗೆ ಅಪ್ಪನೇ ಕಾರು ಓಡಿಸಿದ, ಖಾಲಿ ಫ್ರೀವೇಯಲ್ಲಿ ಇಪ್ಪತ್ತೈದೇ ನಿಮಿಷ. ಮರುದಿನ ಅಮ್ಮ ಅಭ್ಯಾಸಬಲದಿಂದ ನಾಲ್ಕನೇ ತಟ್ಟೆ ಹಾಕಿದಳು ಎಂದು ಬರೆಯಲು ಈ ಕೈ ತವಕಿಸುತ್ತಿದೆ. ಹಾಕಲಿಲ್ಲ. ಮೂರು ತಟ್ಟೆ ಹಾಕಿದಳು, ಎಣಿಸಿ. ಮುದುಕನನ್ನು ಮಾತ್ರ ತಂಡ ಬಿಡಲಿಲ್ಲ. ಕಡಿಮೆ ಸಂಬಳಕ್ಕೆ ಒಪ್ಪಿಸಿ ಇನ್ನೊಂದು ವರ್ಷ ಇಟ್ಟುಕೊಂಡಿತು. ಆ ವರ್ಷ ಅವನು ಚೆಂಡು ಎಸೆದಾಗೆಲ್ಲ ಅಪ್ಪ ಟಿವಿಯ ಮುಂದಿನಿಂದ ಎದ್ದುಹೋಗುತ್ತಿದ್ದ.

ಇಲ್ಲಿಯವರೆಗಿನದನ್ನು ಬರೆದು ಪುಣೆಯಲ್ಲಿರುವ ಮಾಮಾನಿಗೆ ಕಳಿಸಿದೆ. ಜೊತೆಗೆ ಒಂದು ಪತ್ರ: ನಿನಗೆ ಅದನ್ನು ಅಷ್ಟು ಕೆಟ್ಟದಾಗಿ ತಿಳಿಸಿದವಳು ನಾನು, ಅಪ್ಪ ತಾನೇ ಹೇಳುವ ಮೊದಲು, ಅದರ ಮೇಲೆ ನೀನು ಗೆದ್ದೆ, ನೀನು ಗೆದ್ದೆ ಎಂದು ಕುಣಿದವಳು ನಾನು, ಇಷ್ಟು ವರ್ಷ ಇದನ್ನು ಹೇಳಲಾಗಲಿಲ್ಲ. ಅವನಿಂದ ಫೋನು ಬರಲಿಲ್ಲ. ಒಂದು ದಪ್ಪ ಲಕೋಟೆ ಬಂತು. ಒಳಗೆ ಆ ಕ್ಯಾಸೆಟ್ಟು, ತೂತಿನ ಮೇಲಿನ ಸೆಲೋಟೇಪು ಹಳದಿಯಾಗಿದೆ. ಒಂದು ಚೀಟಿ: 'ಪುಟ್ಟವ್ವ, ಈಗ ಪೂರ್ತಿ ಕೇಳು.'

ಮೇಲಿನ ಪುಟಗಳನ್ನು ನಾನು ತಿದ್ದಿಲ್ಲ. ತಪ್ಪುಗಳು ಇದ್ದಲ್ಲೇ ಇರಲಿ. ಟೇಪಿನಲ್ಲಿ ಇರುವುದು ಇಷ್ಟು. ಗುಂಡಿ ಒತ್ತಿದ ಸದ್ದು, ಓಡಿಹೋಗುವ ನನ್ನ ಪಾದಗಳು. ರೇಡಿಯೋದಲ್ಲಿ ಕಾರಿನ ಜಾಹೀರಾತು. ಒಗ್ಗರಣೆ ಸಟ್ಟುಗದ ಸದ್ದು. ಆಮೇಲೆ ಗಾಜಿನ ಬಾಗಿಲು ಮೆಲ್ಲಗೆ ಜಾರುತ್ತದೆ. ಮುಂಬಾಗಿಲಿನಲ್ಲಿ ರಿಬ್ಬನ್ ಕಂಡು ಹಿಂದಿನಿಂದ ಬಂದಿದ್ದಾನೆ. ಅಮ್ಮನ ಪಿಸುಮಾತು:

"ಲಗೂ ಬಂದ್ಯಲ್ಲ?"

"ಡಾಕ್ಟರ್ ಕಡೆ ಹೋಗಿದ್ದೆ. ಕೈ ಗುಣ ಆಗ್ಲಿಕತ್ತೇದಂತ. ಇನ್ನ ಹದಿನೈದ ದಿನ ಅಂದ್ರು."

"ಶ್. ನಿಮ್ಮ ಭಾವನ ಪಾಳಿ ಬಂತು."

ಗೊಗ್ಗರಪ್ಪ ಕೆಂಟ್‌ನನ್ನು ಕರೆಯುತ್ತಾನೆ. ಅಪ್ಪ ಮಾತಾಡುತ್ತಾನೆ. ಅಭಿಪ್ರಾಯ ಬದಲಾಯಿಸಿದ್ದೇನೆ ಎನ್ನುತ್ತಾನೆ, ಉಳಿದವರಿಗೆ ಅನ್ಯಾಯ ಎನ್ನುತ್ತಾನೆ, ಇನ್ನೊಂದು ತಂಡದ ಮಾತೂ ಇದೆ. 'ಅವನು ನಮ್ಮ ಮನೆಯವನು' ಎಂಬುದು ಟೇಪಿನಲ್ಲಿ ಇಲ್ಲ. ನಾಲ್ಕು ಸಲ ಕೇಳಿದೆ, ಇಲ್ಲ. ಒಂದೋ ಅಪ್ಪ ಫೋನು ಇಟ್ಟಮೇಲೆ ಸೀರೆಗಳ ನಡುವೆ ಅದನ್ನು ತನಗೇ ಹೇಳಿಕೊಂಡ, ಬಾಗಿಲ ಹೊರಗಿದ್ದ ನಾನೊಬ್ಬಳೇ ಕೇಳಿದೆ. ಅಥವಾ ಅದನ್ನು ಅವನ ಬಾಯಲ್ಲಿ ಇಟ್ಟವಳು ನಾನು. ಅವನು ಆಗ ಹಾಗೆ ಹೇಳಿದ್ದಿದ್ದರೆ ಎಂಬ ಆಸೆಯನ್ನು ನಾನು ಸಾಕ್ಷಿಯಾಗಿ ಒಪ್ಪುವಂತಿಲ್ಲ.

ಅಪ್ಪನ ಮಾತಿನ ಅಡಿಯಲ್ಲಿ, ಅಡುಗೆಮನೆಯಲ್ಲಿ, ಲೋಹದ ಮೇಲೆ ಲೋಹ ಕೂತ ಒಂದು ಟಕ್ ಎಂಬ ಸದ್ದು. ಆ ಸಂಜೆ ಮಾಮಾ ಟೇಪ್ ನಿಲ್ಲಿಸಿದ್ದು ಇಲ್ಲಿ.

"ಅಕ್ಕಾ, ಏನ್ ಮಾಡ್ಲಿಕತ್ತಿ? ಕೂಗ್ತದ ಅದು."

"ಕೂಗ್ಲಿ."

ಸ್ವಲ್ಪ ಹೊತ್ತು ಅಪ್ಪ ಮಾತ್ರ. ಆಮೇಲೆ ಕುಕ್ಕರು, ಇಡೀ ಟೇಪು ಹರಿದುಹೋಗುವ ಹಾಗೆ. ಅದು ಶುರುವಾಗಿ ಏಳೆಂಟು ಸೆಕೆಂಡಿಗೆ ರೇಡಿಯೋದೊಳಗಿಂದ ಅದೇ ಕುಕ್ಕರು ಇನ್ನೊಮ್ಮೆ, ದೂರದಿಂದ, ನಿಜವಾಗಿಯೂ ಟ್ರೇನಿನಂತೆ. ಅದರ ಮೇಲೆ ಮಾಮಾನ ದನಿ, ಅವಸರದಲ್ಲಿ:

"ಭಾವಗ ಹೇಳಬ್ಯಾಡ ನಾ ಕೇಳೀನಿ ಅಂತ. ಪುಟ್ಟವ್ವಗೂ ಹೇಳಬ್ಯಾಡ. ನಾ ಇನ್ನೂ ಬಂದಿಲ್ಲ, ತಿಳೀತಿಲ್ಲ? ಏಳಕ್ಕ ಬರ್ತೀನಿ."

ಅಮ್ಮ ಏನೋ ಹೇಳುತ್ತಾಳೆ, ಅಥವಾ ಅಳುತ್ತಾಳೆ. ಗಾಜಿನ ಬಾಗಿಲು ಜಾರಿ ಮುಚ್ಚುತ್ತದೆ. ಕಾರಿಡಾರಿನಲ್ಲಿ ಅಪ್ಪನ ಹೆಜ್ಜೆ. ಬುದ್ಧಿ ಇದೆಯಾ ನಿಂಗೆ. ಮರತೆ.

ಆಗ ಆರೂ ಆಗಿರಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಅವನು ಎಲ್ಲಿದ್ದನೋ ಗೊತ್ತಿಲ್ಲ. ಕಸದ ತೊಟ್ಟಿಯ ಪಕ್ಕದ ಸೋಫಾಗಳಲ್ಲಿ ಯಾವುದರಲ್ಲಾದರೂ ಕೂತಿದ್ದಿರಬಹುದು, ಲೈಟ್ ರೈಲಿನ ಸ್ಟಾಪಿಗೆ ವಾಪಸು ನಡೆದಿರಬಹುದು. ಪುಣೆಯ ನಂಬರ್ ನನ್ನ ಹತ್ತಿರ ಇದೆ, ಕೇಳಬಹುದು. ಕೇಳಿಲ್ಲ. ರಿಬ್ಬನ್ ಬಿಚ್ಚಿದ್ದೆ. ಸರಿಯಾಗಿ ಏಳಕ್ಕೆ ಬೆಲ್ಲಾಯಿತು. ನಾನು ಓಡಿಹೋಗಿ ಬಾಗಿಲು ತೆಗೆದೆ. ಅವನು ಹೊರಗೆ ನಿಂತಿದ್ದ, ಬ್ಯಾಗು ಹೆಗಲಿಗೆ, ಶೂ ಇನ್ನೂ ಕಾಲಲ್ಲಿ.

"ಏನ ಪುಟ್ಟವ್ವಾ," ಅಂದ, "ಇವತ್ತ ಯಾರು ಗೆದ್ರು?"